ಒಂದು ಕೈಗಷ್ಟೇ ಹಸಿರು ಬಳೆ

ಮೆಣಸಗಿಯ ಬಳೆಗಾರ್ತಿ ಬದರುನ್ನಿಸಾಳ ಸಿಟ್ಟು ಸುತ್ತಲಿನ ಹತ್ತು ಹಳ್ಳಿಗೆ ಗೊತ್ತು. ಬಸ್ಸಿನ ಕಂಡಕ್ಟರನೊಬ್ಬ ಅವಳ ಬುಟ್ಟಿಯನ್ನು ಕಾಲಿನಿಂದ ಸರಿಸಿದನೆಂದು ರೋಣದಿಂದ ಊರು ಮುಟ್ಟುವವರೆಗೂ ಅವನ ಮನೆತನವನ್ನೆಲ್ಲ ಜಾಲಾಡಿಕೊಂಡೇ ಬಂದವಳು. ಆದರೆ ಅದು ಬಾಯಿಯ ಸಿಟ್ಟು. ಸಿಟ್ಟು ಕೈಗೆ ಇಳಿಯಬಾರದು ಎಂಬುದು ಅವಳ ಅಪ್ಪ ಜಮಾಲಸಾಬ ಕಲಿಸಿದ ಮೊದಲ ಪಾಠ. ಬಳೆ ಏರಿಸುವವಳು ಇನ್ನೊಬ್ಬಳ ಕೈಯನ್ನು ತನ್ನ ಕೈಯಲ್ಲಿ ಹಿಡಿಯುತ್ತಾಳೆ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಅಂಗೈ ಮಡಿಸಿ, ಗಾಜನ್ನು ಮುಂಗೈಗೆ ದಾಟಿಸುತ್ತಾಳೆ. ಮನಸ್ಸು ಕುದಿಯುತ್ತಿದ್ದರೆ ಕೈ ಬಿಗಿಯುತ್ತದೆ, ಕೈ ಬಿಗಿದರೆ ಗಾಜು ಒಡೆಯುತ್ತದೆ. ಬಸುರಿಯ ಕೈಯಲ್ಲಿ ಬಳೆ ಒಡೆದರೆ ಆ ಮನೆಯವರು ಬಳೆಗಾರ್ತಿಯನ್ನು ಮತ್ತೆ ಹೊಸ್ತಿಲು ದಾಟಿಸುವುದಿಲ್ಲ. ಅದಕ್ಕೇ ಜಮಾಲಸಾಬ ಹೇಳುತ್ತಿದ್ದ: ಸಿಟ್ಟು ಬಂದಾಗ ಬಳೆ ಕೆಳಗಿಡು, ನೀರು ಕುಡಿ, ಇಳಿದ ಮೇಲೆ ಕೈ ಮುಟ್ಟು. ಎಂಟನೇ ವಯಸ್ಸಿಗೆ ಬುಟ್ಟಿ ಹೊತ್ತ ಬದರುನ್ನಿಸಾ ನಲವತ್ತು ದಾಟಿದರೂ ಈ ಮಾತು ಮೀರಿರಲಿಲ್ಲ.

ಎಂಟನೇ ವಯಸ್ಸಿಗೆ ಬುಟ್ಟಿ ಹೊತ್ತಳೆಂದರೆ ಶಾಲೆಯ ಮೆಟ್ಟಿಲು ಹತ್ತಲಿಲ್ಲವೆಂದೇ ಅರ್ಥ. ಮಸೀದಿಯ ಪಕ್ಕದ ಮುದುಕಿಯ ಮುಂದೆ ಕುಳಿತು ಅರಬ್ಬಿ ಅಕ್ಷರಮಾಲೆಯ ಪುಸ್ತಕ, ಕಾಯದಾ, ಓದಿದ್ದಷ್ಟೇ ಅವಳ ವಿದ್ಯೆ. ಜೀವಮಾನದಲ್ಲಿ ಅವಳು ತನ್ನ ಕೈಯಿಂದ ತೆರೆದ ಪುಸ್ತಕ ಅದೊಂದೇ. ಗಂಡ ಗೌಸುಸಾಬ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದ. ಒಬ್ಬಳೇ ಮಗಳು ಮುಬೀನಾ ಪಕ್ಕದೂರಿನ ಹೈಸ್ಕೂಲಿನಲ್ಲಿ ಹತ್ತನೇ ತರಗತಿಯಲ್ಲಿದ್ದಳು. ಆ ಮನೆತನದ ಹೆಣ್ಣುಮಕ್ಕಳಲ್ಲಿ ಅಷ್ಟು ದೂರ ಹೋದವರು ಯಾರೂ ಇರಲಿಲ್ಲ. ಬುಟ್ಟಿ ನನ್ನ ತಲೆಯ ಮೇಲೇ ಮುಗಿಯಬೇಕು, ಮಗಳ ತಲೆಗೆ ಏರಬಾರದು ಎಂಬುದು ಬದರುನ್ನಿಸಾಳ ಹಟ.

ಅವಳ ಹತ್ತಿರ ಒಂದು ಚೈನಾ ಮೊಬೈಲ್ ಇತ್ತು. ನಾಲ್ಕು ಸ್ಪೀಕರು, ಬಣ್ಣಬಣ್ಣದ ದೀಪ, ಹಿಂದೊಂದು ಕ್ಯಾಮೆರಾ. ರೋಣದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಅಕ್ಕನ ಮಗ ಜಹೀರ ಕೊಟ್ಟದ್ದು. ಸಗಟು ಅಂಗಡಿಯಲ್ಲಿ ಹೊಸ ನಮೂನೆಯ ಬಳೆ ಕಂಡರೆ ಅವಳು ಫೋಟೋ ಹೊಡೆದುಕೊಳ್ಳುತ್ತಿದ್ದಳು. ಹಳ್ಳಿಯ ಹೆಣ್ಣುಮಕ್ಕಳಿಗೆ ತೋರಿಸಿ, ಬೇಕೆಂದವರಿಗೆ ಮುಂದಿನ ವಾರ ತಂದುಕೊಡುತ್ತಿದ್ದಳು. ಓದು ಬಾರದಿದ್ದರೂ ಕ್ಯಾಮೆರಾದ ಗುಂಡಿ ಅವಳ ಬೆರಳಿಗೆ ಪಳಗಿತ್ತು.

2009ರ ಗಾಂಧಿ ಜಯಂತಿಯ ಹೊತ್ತಿಗೆ ಮಲಪ್ರಭೆ ಊರೊಳಗೆ ಬಂತು. ಗೋಡೆಗಳು ಕುಸಿದವು, ಜೋಳದ ಚೀಲಗಳು ನೆನೆದು ಮೊಳಕೆ ಒಡೆದವು, ಮುಬೀನಾಳ ಪುಸ್ತಕದ ಚೀಲ ಗೂಟದ ಸಮೇತ ಹೋಯಿತು. ಜನರನ್ನು ದಿಬ್ಬದ ಮೇಲಿನ ತಗಡಿನ ಶೆಡ್ಡುಗಳಿಗೆ ಸಾಗಿಸಿದರು. ಹೈಸ್ಕೂಲಿನ ಊರೂ ಹೊಳೆಯ ದಂಡೆಯದೇ, ಅಲ್ಲಿಯ ಪುಸ್ತಕಗಳೂ ನೀರುಪಾಲಾಗಿದ್ದವು. ದೀಪಾವಳಿ ಮುಗಿದು ಶಾಲೆ ತೆರೆದಾಗ ಪುಸ್ತಕ ಬರುತ್ತವೆ ಎಂದರು. ಬಂದವು ಕೂಡ. ಒಂದು ಬಿಳಿ ಜೀಪಿನಲ್ಲಿ ಬಂದವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪುಸ್ತಕ ಕೊಡುವಾಗ ಫೋಟೋ ತೆಗೆಸಿಕೊಂಡು ಹೋದರು. ಜೀಪು ಹೋದ ಮೇಲೆ ನೋಡಿದರೆ ಎಲ್ಲವೂ ಮೂರನೇ ತರಗತಿಯ ಪುಸ್ತಕಗಳು. ಹದಿನಾರು ವರ್ಷದ ಹುಡುಗಿ ಗಿಣಿಯ ಚಿತ್ರವಿದ್ದ ಪುಸ್ತಕ ಹಿಡಿದು ಶೆಡ್ಡಿಗೆ ಬಂದಳು. ಬದರುನ್ನಿಸಾ ಆ ದಿನ ಒಲೆ ಹಚ್ಚಲಿಲ್ಲ, ಜೀಪು ಹೋದ ದಾರಿಗೆ ಮುಖ ಮಾಡಿ ನಿಂತು ಗಂಟಲು ಒಣಗುವವರೆಗೆ ಬಯ್ದಳು.

ಮರುದಿನ ಹೆಡ್ ಮಾಸ್ತರರು ಇನ್ನೊಂದು ಸುದ್ದಿ ಹೇಳಿ ಕಳಿಸಿದರು. ಡಿಸೆಂಬರಿನ ಎಳ್ಳ ಅಮವಾಸ್ಯೆ ಮುಗಿದ ಕೂಡಲೇ ಗಣಿತದ ಟೆಸ್ಟು. ಅದರಲ್ಲಿ ಪಾಸಾದವರ ಪರೀಕ್ಷೆಯ ಫಾರ್ಮು ಮಾತ್ರ ಬೋರ್ಡಿಗೆ ಹೋಗುತ್ತದೆ. ಫೇಲಾದವರು ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆಗೆ ಕಟ್ಟಿಕೊಳ್ಳಲಿ, ಶಾಲೆಯ ರಿಸಲ್ಟು ಕೆಡುವುದು ಬೇಡ. ಪುಸ್ತಕ ಕೊಡಲಾಗದವರು ರಿಸಲ್ಟಿನ ಚಿಂತೆ ಮಾಡುತ್ತಿದ್ದರು. ಮುಂದಿನ ವರ್ಷ ಎಂಬ ಮಾತಿನ ಅರ್ಥ ಬದರುನ್ನಿಸಾಳಿಗೆ ಚೆನ್ನಾಗಿ ಗೊತ್ತಿತ್ತು. ಶೆಡ್ಡಿನಲ್ಲಿ ಒಂದು ವರ್ಷ ಸುಮ್ಮನೆ ಕೂತ ಹುಡುಗಿಯ ತಲೆಗೆ ಬುಟ್ಟಿ ತಾನಾಗಿ ಬಂದು ಕೂಡುತ್ತದೆ.

ರಾಜೂರಿನ ಹತ್ತು ಮನೆ ಬದರುನ್ನಿಸಾಳಿಗೆ ತವರಿನಿಂದ ಬಳುವಳಿಯಾಗಿ ಬಂದವು. ಅವಳ ತಾಯಿ ಬಳೆ ಏರಿಸಿದ ಮನೆಗಳು ಅವು, ಬೇರೆ ಬಳೆಗಾರರು ಅಲ್ಲಿ ಬುಟ್ಟಿ ಇಳಿಸುವಂತಿಲ್ಲ. ಎರಡು ಬಸ್ಸು ಬದಲಿಸಿ ಹೋಗಬೇಕಾದರೂ ಹಬ್ಬಹುಣ್ಣಿಮೆಗೆ ಅವಳು ತಪ್ಪಿಸುತ್ತಿರಲಿಲ್ಲ. ಅವುಗಳಲ್ಲಿ ದೊಡ್ಡದು ಕಾಳಿನ ವ್ಯಾಪಾರಿ ಗುರುಸಂಗಪ್ಪನವರ ಮನೆ. ಅವರ ಸಣ್ಣ ಮಗಳು ಚಿನ್ನು ಕೂಡ ಕನ್ನಡ ಶಾಲೆಯ ಹತ್ತನೇ ತರಗತಿ. ಕಾರ್ತಿಕದ ಗೌರಿ ಹುಣ್ಣಿಮೆಯ ಬಳೆಗೆಂದು ಹೋದಾಗ ಬದರುನ್ನಿಸಾ ಮನೆಯೊಡತಿ ರೇಣುಕವ್ವನನ್ನು ಕೇಳಿಯೇಬಿಟ್ಟಳು.

"ಅವ್ವಾರ, ಚಿನ್ನೂಂದು ಲೆಕ್ಕದ ಪುಸ್ತಕ ಎಂಟು ದಿನ ಕೊಡ್ರಿ. ನಮ್ಮ ಹುಡುಗಿ ಬರಕೊಂಡು ವಾಪಸ್ ಕೊಡ್ತಾಳ."

"ಅಯ್ಯ, ಎಲ್ಲಿ ಕೊಡ್ಲಿ ಬದರವ್ವ? ಇರೂದು ಒಂದ ಪುಸ್ತಕ. ಮ್ಯಾಲ ನಿಮ್ಮ ಶೆಡ್ಡಿನ್ಯಾಗ ಇಟ್ರ ಹಸಿ ವಾಸನಿ ಹಿಡದು ಬರ್ತೈತಿ." ರೇಣುಕವ್ವ ಹೊಸ ಬಳೆಗಳನ್ನು ಬೆಳಕಿಗೆ ಹಿಡಿದು ನೋಡುತ್ತ ನಕ್ಕಳು. "ನಿನ್ನ ಕಡೆ ಮೊಬೈಲ್ ಐತೆಲ್ಲ, ಬಳಿ ಫೋಟೋ ತಗದಂಗ ತಕ್ಕೊಂಡು ಹೋಗು."

ಚೇಷ್ಟೆಗೆ ಆಡಿದ ಮಾತು. ಬದರುನ್ನಿಸಾ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಪಡಸಾಲೆಯ ಬಿಸಿಲಿನಲ್ಲಿ ಪುಸ್ತಕವಿಟ್ಟು, ಹಾಳೆಯ ಅಂಚಿಗೆ ಬಳೆಯ ಡಬ್ಬಿ ಒತ್ತಿಟ್ಟು, ಒಂದೊಂದೇ ಪುಟ ಹೊಡೆದಳು. ಸೊಂಟ ಹಿಡಿಯಿತು, ಕಣ್ಣು ಉರಿಯಿತು. ಅರ್ಧಕ್ಕೂ ಕಡಿಮೆ ಆಗುವಷ್ಟರಲ್ಲಿ ಮೊಬೈಲು ಜಾಗವಿಲ್ಲವೆಂದು ನಿಂತುಬಿಟ್ಟಿತು. ಟೆಸ್ಟಿಗೆ ಮೊದಲ ಪಾಠಗಳಿದ್ದರೆ ಸಾಕು ಎಂದು ಸಮಾಧಾನ ಮಾಡಿಕೊಂಡು ಬಸ್ಸು ಹತ್ತಿದಳು.

ಶೆಡ್ಡಿನಲ್ಲಿ ಮುಬೀನಾ ಆಸೆಯಿಂದ ಮೊಬೈಲು ಕಸಿದುಕೊಂಡಳು. ಒಂದು ಪುಟ ನೋಡಿದಳು, ಎರಡು ನೋಡಿದಳು, ಮುಖ ಸಣ್ಣಗಾಯಿತು.

"ಅಮ್ಮಾ, ಇವು ಕಡೀ ಪಾಠ. ಫೆಬ್ರವರಿಯೊಳಗ ಕಲಸ್ತಾರ. ನೀ ಪುಸ್ತಕ ಹಿಂದಿಂದ ಹೊಡದೀಯಲ್ಲ."

"ಎಲ್ಲಿ ಹಿಂದಿಂದ? ಸರಿಯಾಗಿ ತೆರದು ಮೊದಲನೇ ಹಾಳಿಯಿಂದ ಹೊಡದೀನಿ."

ಮುಬೀನಾ ಮೂರನೇ ತರಗತಿಯ ಗಿಣಿಯ ಪುಸ್ತಕವನ್ನು ತಾಯಿಯ ಕೈಗೆ ಕೊಟ್ಟು, ತೆರೆ ಎಂದಳು. ಬದರುನ್ನಿಸಾ ಬಲಗಡೆಯಿಂದ ತೆರೆದಳು. ಕಾಯದಾ ತೆರೆಯುವುದು ಹಾಗೆಯೇ. ಪುಸ್ತಕವೆಂದರೆ ಬಲಗಡೆಯಿಂದ ತೆರೆಯುವಂಥದು ಎಂದು ಅವಳ ಕೈಗೆ ಗೊತ್ತಿತ್ತು, ಇನ್ನೊಂದು ರೀತಿಯಿದೆಯೆಂದು ಮೂವತ್ತು ವರ್ಷಗಳಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ. ನಾಚಿಕೆ ಮೊದಲು ಬಂತು, ಅದರ ಬೆನ್ನಿಗೇ ಸಿಟ್ಟು. ತನ್ನ ಮೇಲೆ, ಬುಟ್ಟಿ ಹೊರಿಸಿದ ಅಪ್ಪನ ಮೇಲೆ, ಹೊಳೆಯ ಮೇಲೆ, ಬಿಳಿ ಜೀಪಿನ ಮೇಲೆ. ಯಾರನ್ನು ಬಯ್ಯಬೇಕೆಂದು ತಿಳಿಯದೆ ಪುಸ್ತಕ ಮುಚ್ಚಿ ಮಗಳ ಕಡೆ ತಳ್ಳಿದಳು.

"ಇರ್ಲಿ ಬಿಡಮ್ಮಾ, ಇವನ್ನ ಅಳಸೂದು ಬ್ಯಾಡ. ದೊಡ್ಡ ಪರೀಕ್ಷಾಕ್ಕ ಬೇಕಾಗ್ತಾವ. ಅಲ್ಲಿ ಮಟಾ ಇವನ್ನ ಓದ್ತೀನಿ," ಎಂದಳು ಮುಬೀನಾ. ಬುಟ್ಟಿಯಿಂದ ಎರಡು ಬಳೆ ತೆಗೆದು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ನೆಲದ ಮೇಲಿಟ್ಟಳು. "ಮೊದಲನೇ ಪಾಠದಾಗ ಹಿಂಗ ಚಿತ್ರ ಇರ್ತೈತಿ ನೋಡು. ಗಣಗಳು ಅಂತಾರ. ಇದು ಕಂಡ್ರ ಅದ ಪುಸ್ತಕದ ಮುಖ ಅಂತ ತಿಳಕೊ."

ಬದರುನ್ನಿಸಾ ಆ ಎರಡು ಬಳೆಗಳನ್ನು ಬಹಳ ಹೊತ್ತು ನೋಡಿದಳು. ಅಕ್ಷರ ಮರೆತಾಳು, ಬಳೆ ಮರೆಯುವವಳಲ್ಲ.

ನವೆಂಬರ್ ಹೀಗೆ ಕಳೆಯಿತು. ಶೆಡ್ಡಿನಲ್ಲಿ ಕರೆಂಟಿಲ್ಲ. ಮುಬೀನಾ ಹಿಟ್ಟಿನ ಗಿರಣಿಯಲ್ಲಿ ಮೊಬೈಲು ಚಾರ್ಜಿಗಿಟ್ಟು, ಅಲ್ಲೇ ನಿಂತು, ಬೆರಳಗಲದ ಪರದೆಯನ್ನು ಕಣ್ಣಿಗೆ ಒತ್ತಿಕೊಂಡು ಕೊನೆಯ ಪಾಠಗಳನ್ನು ನೋಟ್‌ಬುಕ್ಕಿಗೆ ಇಳಿಸಿದಳು. ಲೆಕ್ಕ ತಿಳಿಯದ ಕಡೆ ಮತ್ತೆ ಮತ್ತೆ ಬರೆದಳು. ರೋಣದ ಪುಸ್ತಕದಂಗಡಿಗಳಲ್ಲಿ ಬದರುನ್ನಿಸಾ ಕೇಳದ ದಿನವಿಲ್ಲ. ಸರ್ಕಾರದ ಪುಸ್ತಕ ನಡುವರ್ಷದಲ್ಲಿ ಸಿಗುವುದಿಲ್ಲ ಎಂಬುದೊಂದೇ ಉತ್ತರ. ಇತ್ತ ಟೆಸ್ಟು ಹತ್ತಿರ ಬರುತ್ತಿತ್ತು, ಅದರ ಪಾಠಗಳಲ್ಲಿ ಒಂದೂ ಮಗಳ ಕೈಯಲ್ಲಿರಲಿಲ್ಲ.

ಡಿಸೆಂಬರ್ ಒಂದನೇ ತಾರೀಖು ಅವಳ ಮೊಬೈಲು ಸತ್ತಿತು. ಅವಳದಷ್ಟೇ ಅಲ್ಲ, ಊರಿನ ಚೈನಾ ಸೆಟ್ಟುಗಳೆಲ್ಲ ಒಂದೇ ದಿನ ಸತ್ತವು. ಒಳಗೆ ಗುರುತಿನ ನಂಬರಿಲ್ಲದ ಸೆಟ್ಟುಗಳನ್ನು ಬಂದ್ ಮಾಡಿ ಎಂದು ಸರ್ಕಾರ ಆಜ್ಞೆ ಮಾಡಿತ್ತಂತೆ. ಗೋವಾದ ಗಂಡನ ದನಿಯೂ ನಿಂತುಹೋಯಿತೆಂದು ಬದರುನ್ನಿಸಾ ಕೆಂಡವಾಗಿ ಜಹೀರನ ಅಂಗಡಿಗೆ ನುಗ್ಗಿದಳು. ಅಲ್ಲಿ ಆಗಲೇ ಇಪ್ಪತ್ತು ಜನ ಅವನ ಕೊರಳಪಟ್ಟಿಗೆ ಕೈ ಹಾಕುವ ಲೆಕ್ಕದಲ್ಲಿ ನಿಂತಿದ್ದರು.

"ಖಾಲಾ, ನಾ ಏನ್ ಮಾಡ್ಲಿ? ಫೋನ್ ಬರೂದಿಲ್ಲ, ಅಷ್ಟ. ಹಾಡು ನಡೀತೈತಿ, ಕ್ಯಾಮೆರಾ ನಡೀತೈತಿ," ಎಂದ ಜಹೀರ.

ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ, ಹೊಸ ಸೆಟ್ಟು ಕೊಂಡವರು ಬಿಸಾಕಿ ಹೋದ ಚೈನಾ ಮೊಬೈಲುಗಳು ಬಿದ್ದಿದ್ದವು. ಅವಳು ಬಗ್ಗಿ, ಕ್ಯಾಮೆರಾ ಸರಿಯಿದ್ದ ಮೂರನ್ನು ಆರಿಸಿ ಎತ್ತಿಕೊಂಡಳು.

"ಇದರೊಳಗಿನ ಹಾಡು ಗೀಡು ಎಲ್ಲಾ ತಗದು ಖಾಲಿ ಮಾಡಿಕೊಡು. ಈಗ, ನನ್ನ ಮುಂದ."

ನಾಲ್ಕು ದಿನಕ್ಕೆ ರಾಜೂರಿನಿಂದ ಆಳು ಬಂದು ಹೇಳಿದ. ರೇಣುಕವ್ವನ ಹಿರಿಯ ಮಗಳು ಬಸುರಿ, ಸೀಮಂತದ ಕುಬುಸ ಕಾರ್ಯ, ಹಸಿರು ಬಳೆ ಇಡಿಸಬೇಕು. ಬದರುನ್ನಿಸಾ ಬುಟ್ಟಿಯ ತಳದಲ್ಲಿ ಮೂರು ಸತ್ತ ಮೊಬೈಲು ಇಟ್ಟು ಮೇಲೆ ಹಸಿರು ಬಳೆ ಹರವಿಕೊಂಡು ಹೋದಳು. ಮನಸ್ಸಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಕಾರ್ಯ ಮುಗಿದ ಮೇಲೆ ಕೈಮುಗಿದು ಇನ್ನೊಮ್ಮೆ ಕೇಳುವುದು, ಪಡಸಾಲೆಯಲ್ಲಿ ಇನ್ನೊಮ್ಮೆ ಕೂಡುವುದು.

ಮನೆ ತುಂಬ ಹೆಂಗಸರು. ಬಸುರಿಯನ್ನು ಮಣೆಯ ಮೇಲೆ ಕೂಡಿಸಿದ್ದರು. ಬದರುನ್ನಿಸಾ ಅವಳ ಎಡಗೈ ಹಿಡಿದು, ಒಂದೊಂದಾಗಿ ಹಸಿರು ಬಳೆ ಏರಿಸಿದಳು. ಬೆಣ್ಣೆಯಂಥ ಕೈ, ಒಂದೂ ತಡೆಯಲಿಲ್ಲ. ಎಡಗೈ ತುಂಬಿದಾಗ ರೇಣುಕವ್ವ ಬಂದು, "ಒಂದಿಷ್ಟು ಬಾಯಿ ಸಿಹಿ ಮಾಡ್ಕೊ ಬದರವ್ವ," ಎಂದು ಕಾಗದದಲ್ಲಿ ಸುತ್ತಿದ ಬೇಸನ್ ಉಂಡಿ ಕೊಟ್ಟಳು.

ಬದರುನ್ನಿಸಾ ಕಾಗದ ಬಿಚ್ಚಿದಳು. ತುಪ್ಪದ ಜಿಡ್ಡಿನ ನಡುವೆ ಎರಡು ಬಳೆಗಳಿದ್ದವು. ಒಂದರ ಅಂಚು ಇನ್ನೊಂದರ ಮೇಲೆ.

ಅವಳು ತಲೆ ಎತ್ತಿ ನೋಡಿದಳು. ಮೂಲೆಯಲ್ಲಿ ಕುಳಿತ ಚಿನ್ನು ಒಂದು ಪುಸ್ತಕದ ಹಾಳೆಗಳನ್ನು ಹರಿದು ಹರಿದು ಕೊಡುತ್ತಿದ್ದಳು, ಪಕ್ಕದ ಹೆಂಗಸರು ಉಂಡಿ ಸುತ್ತುತ್ತಿದ್ದರು. ಅರ್ಧ ಪುಸ್ತಕ ಆಗಲೇ ಉಂಡಿಯ ಮೈಮೇಲೆ ಹೋಗಿತ್ತು.

"ಇದು ಯಾರ ಪುಸ್ತಕ, ತಂಗಿ?"

"ನಮ್ಮ ದೊಡ್ಡಪ್ಪನ ಮಗ ಕಳಕೇಶಣ್ಣಂದು. ಹ್ವಾದ ವರ್ಷ ಇಲ್ಲೇ ಇದ್ದು ಹತ್ತನೇತ್ತೆ ಓದಿದ್ದ. ಲೆಕ್ಕದ್ದು. ನನ್ನದು ಬ್ಯಾರೆ ಐತಿ."

ಇರುವುದು ಒಂದೇ ಪುಸ್ತಕ ಎಂದಿದ್ದಳು ರೇಣುಕವ್ವ. ಗೌರಿ ಹುಣ್ಣಿಮೆಯ ದಿನವೂ ಈ ಎರಡನೇ ಪುಸ್ತಕ ಈ ಮನೆಯಲ್ಲೇ, ಯಾವುದೋ ಗೋಡೆಯ ನಾಗೊಂದಿಗೆಯ ಮೇಲೆ, ಯಾರಿಗೂ ಬೇಡವಾಗಿ ಬಿದ್ದಿತ್ತು. ಬದರುನ್ನಿಸಾಳ ಕಿವಿ ಬಿಸಿಯಾದವು. ಗಿರಣಿಯಲ್ಲಿ ಹಿಟ್ಟು ಮುಖಕ್ಕೆ ಮೆತ್ತಿಕೊಂಡು ನಿಂತ ಮಗಳು ಕಣ್ಣಮುಂದೆ ಬಂದಳು. ಉಂಡಿಯನ್ನು ಕೆಳಗಿಟ್ಟಳು. ಬಸುರಿ ಬಲಗೈ ಮುಂದೆ ಮಾಡಿದಳು. ಬದರುನ್ನಿಸಾ ಒಂದು ಬಳೆ ಎತ್ತಿಕೊಂಡಳು, ಅದು ಅವಳ ಬೆರಳಲ್ಲಿ ನಡುಗಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಸಿಟ್ಟು ಕೈಗೆ ಇಳಿದಿತ್ತು. ಅವಳು ಬಳೆಯನ್ನು ಬುಟ್ಟಿಗೆ ಹಾಕಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಯಾಕ ಬದರವ್ವ?" ಎಂದಳು ರೇಣುಕವ್ವ.

"ಈ ಕೈಗೆ ಈಗ ಬಳಿ ಇಡಾಂಗಿಲ್ರಿ ಅವ್ವಾರ. ನನಗ ಸಿಟ್ಟು ಬಂದೈತಿ. ಸಿಟ್ಟಿನ ಕೈಲೆ ಹಸರ ಬಳಿ ಏರಿಸಿದ್ರ ಒಡೀತಾವ."

ಉಂಡಿ ಸುತ್ತುತ್ತಿದ್ದವರು ಎದ್ದು ಬಂದರು. ಒಂದು ಕೈ ತುಂಬ ಹಸಿರು, ಇನ್ನೊಂದು ಬೋಳು. ಹಾಗೆ ಕುಳಿತ ಬಸುರಿಯನ್ನು ಕಂಡು ಮುದುಕಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಬೇರೆ ಬಳೆಗಾರರನ್ನು ಕರೆಯುವಂತಿಲ್ಲ, ಅರ್ಧ ಮಾಡಿದ ಕೈಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ರೇಣುಕವ್ವನ ಮುಖ ಬಿಳುಚಿಕೊಂಡಿತು. "ಇದೆಂಥಾ ಸಿಟ್ಟು, ಶುಭಕಾರ್ಯದಾಗ? ಏನಾಗೈತಿ ನಿನಗ?" ಎಂದಳು.

ಬದರುನ್ನಿಸಾ ಜಿಡ್ಡಿನ ಕಾಗದವನ್ನು ಎಲ್ಲರಿಗೂ ಕಾಣುವಂತೆ ನೆಲದ ಮೇಲೆ ಹರವಿದಳು.

"ಇದನ್ನ ನಾ ಬೇಡಿದ್ದೆ ರೀ. ನನ್ನ ಮಗಳ ಶೆಡ್ಡಿನ್ಯಾಗ ಹಸಿ ವಾಸನಿ ಹಿಡೀತೈತಿ ಅಂದ್ರಿ. ಈಗ ತುಪ್ಪದ ವಾಸನಿ ಹಿಡದೈತಿ. ಅಡ್ಡಿಯಿಲ್ಲ, ನಿಮ್ಮ ಪುಸ್ತಕ, ನಿಮ್ಮ ಉಂಡಿ. ಈ ಕೂಸಿನ ಮ್ಯಾಲ ನನಗ ಸಿಟ್ಟಿಲ್ಲ. ನಿಮ್ಮ ಮ್ಯಾಲ ಐತಿ. ಅದು ಇಳಿಯೂ ಮಟಾ ಕುಂದರ್ತೀನಿ."

"ಚಿನ್ನೂನ ಪುಸ್ತಕ ಕೊಡ್ತೀನಿ, ಒಯ್ಯಿ. ಈಗ ಒಯ್ಯಿ."

"ಒಯ್ಯಾಕ ನಾ ಒಲ್ಲೆ. ನಾಳೆ ಒಂದು ಹಾಳಿ ಮಡಚಿದ್ರೂ ಶೆಡ್ಡಿನವರು ಅಂತೀರಿ. ನೀವ ಹಿಡಕೊಂಡು ಕುಂದರ್ರಿ. ನೀವ ತಿರುವ್ರಿ. ಎಡಗಡೆಯಿಂದ."

ಎಲ್ಲಾದರೂ ಉಂಟೇ? ಗುರುಸಂಗಪ್ಪನವರ ಹೆಂಡತಿ, ಜರಿಯ ಸೀರೆಯಲ್ಲಿ, ಇಪ್ಪತ್ತು ಹೆಂಗಸರ ಮುಂದೆ ಪಡಸಾಲೆಯ ಬಿಸಿಲಿಗೆ ಬಂದು ಕುಳಿತು ಹಾಳೆ ತಿರುವಿದಳು. ಬದರುನ್ನಿಸಾ ಒಂದು ಮೊಬೈಲು ತುಂಬಿದರೆ ಇನ್ನೊಂದು ತೆಗೆದಳು. ಪ್ರತಿ ಪುಟದ ಅಂಚಿನಲ್ಲೂ ರೇಣುಕವ್ವನ ಹೆಬ್ಬೆರಳು, ಅದರ ಹಿಂದೆ ಮೂರು ಹಸಿರು ಬಳೆ. ಬೆರಳು ಸರಿಸಿರೆಂದು ಬದರುನ್ನಿಸಾ ಒಮ್ಮೆಯೂ ಹೇಳಲಿಲ್ಲ. ಮೂರನೇ ಮೊಬೈಲು ತುಂಬುವ ಹೊತ್ತಿಗೆ ಪುಸ್ತಕ ಅರ್ಧ ದಾಟಿತ್ತು, ಹಳೆಯ ಫೋಟೋಗಳ ಜೊತೆ ಸೇರಿದರೆ ಪುಸ್ತಕ ಪೂರ್ತಿ. ಅವಳು ಒಂದು ಚೊಂಬು ನೀರು ಕುಡಿದಳು, ಕೈ ಒರೆಸಿಕೊಂಡಳು, ಬಸುರಿಯ ಬಲಗೈ ಹಿಡಿದಳು. ಒಂದು ಬಳೆಯೂ ಒಡೆಯಲಿಲ್ಲ. ಬಳೆ ಇಡಿಸಿಕೊಂಡ ಮೇಲೆ ಬಳೆಗಾರ್ತಿಗೆ ನಮಸ್ಕರಿಸುವುದು ಪದ್ಧತಿ. ಬಸುರಿ ನಮಸ್ಕರಿಸಿದಾಗ ಬದರುನ್ನಿಸಾ ಅವಳ ತಲೆ ಮುಟ್ಟಿ ಮನಸಾರೆ ಹರಸಿದಳು. ರೇಣುಕವ್ವ ಬಗ್ಗಿದಾಗ ಕಾಲು ಹಿಂದಕ್ಕೆ ಎಳೆದುಕೊಂಡು ಬುಟ್ಟಿ ಎತ್ತಿದಳು.

ಶೆಡ್ಡಿನ ನಾಲ್ಕು ಮಕ್ಕಳು ಆ ಮೊಬೈಲುಗಳನ್ನು ಸರದಿಯ ಮೇಲೆ ಓದಿದರು. ಟೆಸ್ಟಿನಲ್ಲಿ ನಾಲ್ವರೂ ಪಾಸಾದರು. ಮುಬೀನಾಳಿಗೆ ನೂರಕ್ಕೆ ಎಪ್ಪತ್ತೊಂದು. ಅದೇ ತಪ್ಪಾಯಿತು. ಪುಸ್ತಕವಿಲ್ಲದ ಹುಡುಗಿಗೆ ಎಪ್ಪತ್ತೊಂದು ಎಲ್ಲಿಂದ ಬಂತು? ಅವಳ ಹತ್ತಿರ ಮೊಬೈಲಿದೆಯೆಂದು ಯಾರೋ ಕಿವಿಯೂದಿದರು. ಹೆಡ್ ಮಾಸ್ತರರು ನಾಲ್ವರ ಫಾರ್ಮನ್ನೂ ತಡೆಹಿಡಿದು ಬದರುನ್ನಿಸಾಳನ್ನು ಕರೆಸಿದರು. ಮೊಬೈಲಿನಲ್ಲಿ ಹೊರಗಿನಿಂದ ಯಾರೋ ಉತ್ತರ ಹೇಳಿಕೊಟ್ಟಿದ್ದಾರೆ ಎಂಬುದು ಅವರ ತೀರ್ಮಾನ.

ಅವಳು ತನ್ನದೂ ಸೇರಿ ನಾಲ್ಕು ಮೊಬೈಲುಗಳನ್ನು ಅವರ ಮೇಜಿನ ಮೇಲೆ ಸಾಲಾಗಿಟ್ಟಳು. "ಫೋನ್ ಹಚ್ಚಿ ನೋಡ್ರಿ ಸರ. ಒಂದನೇ ತಾರೀಖಿಗೇ ಸತ್ತಾವ ಇವು."

ಅವರು ಒಂದನ್ನು ಎತ್ತಿ ಗುಂಡಿ ಒತ್ತಿದರು. ಫೋಟೋ ಬಂತು, ಇನ್ನೊಂದು ಬಂತು, ಮತ್ತೊಂದು. ಎಲ್ಲದರಲ್ಲೂ ಒಂದೇ ಹೆಬ್ಬೆರಳು, ಮೂರು ಹಸಿರು ಬಳೆ.

"ಇದ್ಯಾರ ಕೈ?"

"ರಾಜೂರಿನ ಸಾವಕಾರ್ತಿದು. ಎರಡು ತಿಂಗಳ ಹಿಂದ ನೀವು ತಿರುವಬೇಕಾದ ಹಾಳಿ ಅವರು ತಿರುವ್ಯಾರ."

ಹೆಡ್ ಮಾಸ್ತರರ ಮುಖ ಕೆಂಪಾಯಿತು. ಮುಬೀನಾಳನ್ನು ಕರೆಸಿ ಬೋರ್ಡಿನ ಮುಂದೆ ನಿಲ್ಲಿಸಿದರು. ಸೋಲಿಸಲೆಂದೇ ಕಡೆಯ ಪಾಠಗಳಿಂದ, ತರಗತಿಯಲ್ಲಿ ಇನ್ನೂ ಮುಟ್ಟದ ಲೆಕ್ಕ ಕೊಟ್ಟರು. ಸಿಲಿಂಡರಿನ ತ್ರಿಜ್ಯ ಏಳು, ಎತ್ತರ ಹತ್ತು, ಘನಫಲವೆಷ್ಟು? ನವೆಂಬರ್ ಪೂರ್ತಿ ಗಿರಣಿಯಲ್ಲಿ ನಿಂತು ಅವಳು ಬರೆದದ್ದು ಆ ಪಾಠವನ್ನೇ. ತಾಯಿ ತಪ್ಪಿ ಹಿಂದಿನಿಂದ ಹೊಡೆದ ಪಾಠ. ಸೀಮೆಸುಣ್ಣ ಎಲ್ಲಿಯೂ ನಿಲ್ಲಲಿಲ್ಲ. ಸಾವಿರದ ಐನೂರಾ ನಲವತ್ತು ಎಂದು ಬರೆದು ಅಡಿಗೆರೆ ಎಳೆದಳು.

ಹೆಡ್ ಮಾಸ್ತರರು ಸಾಲು ಸಾಲಾಗಿ ಲೆಕ್ಕ ಪರೀಕ್ಷಿಸಿದರು, ತಪ್ಪಿರಲಿಲ್ಲ. ಆಮೇಲೆ ಕಪಾಟಿನಿಂದ ಫಾರ್ಮು ತೆಗೆದು, ಪಾಲಕರು ಒಳಗೆ ಹೆಬ್ಬೆಟ್ಟು ಒತ್ತಬೇಕು ಎಂದು ಬದರುನ್ನಿಸಾಳ ಮುಂದಿಟ್ಟರು. ಅವಳು ಫಾರ್ಮನ್ನು ಬಲಗಡೆಯಿಂದ ತೆರೆದಳು.

"ಆ ಕಡಿಯಿಂದ ಅಲ್ಲಬೇ. ಇಷ್ಟೂ ತಿಳಿಯೂದಿಲ್ಲೇನು?"

"ಇಲ್ರಿ, ನನಗ ತಿಳಿಯೂದಿಲ್ಲ," ಎಂದಳು ಬದರುನ್ನಿಸಾ. ಶಾಲೆಯ ಅಂಗಳದವರೆಗೂ ಕೇಳುವ ದನಿ. "ಪುಸ್ತಕ ಎತ್ತಾಗಿಂದ ತೆರೀಬೇಕು ಅಂತ ನನಗ ಯಾರೂ ಹೇಳಿಲ್ಲ. ಅದಕ್ಕ ಇಲ್ಲಿ ಬಂದು ನಿಂತೀನಿ. ಉಳದ ಮೂರೂ ಫಾರ್ಮ್ ತಗೀರಿ. ಅವು ಹೋಗೂ ಮಟಾ ನಾನೂ ಹೋಗಾಂಗಿಲ್ಲ."

ಅವರು ತೆಗೆದರು. ಅವಳು ಹೆಬ್ಬೆಟ್ಟು ಒತ್ತಿದಳು. ನಾಲ್ಕೂ ಫಾರ್ಮು ಬೋರ್ಡಿಗೆ ಹೋಗುವ ಕಟ್ಟಿನೊಳಗೆ ಸೇರಿದ್ದನ್ನು ಕಣ್ಣಾರೆ ನೋಡಿ, ಮೊಬೈಲುಗಳನ್ನು ಎಣಿಸಿ ಬುಟ್ಟಿಗೆ ಹಾಕಿಕೊಂಡು, ಅವಳು ರೋಣದ ಬಸ್ಸಿಗೆ ಹೊರಟಳು.